ಕಂಡಕ್ಟರ್ ಕೆಂಚರಾಯನ ಎಡಭುಜ

ಎರಡು ಸಾವಿರದ ನೂರ ಅರವತ್ತೊಂಬತ್ತನೇ ಇಸವಿ, ಉರಿ ತಿಂಗಳ ನಾಲ್ಕನೇ ತಾರೀಖು, ಅರಸೀಕೆರೆ.

ತಾರಸಿಯ ಮೇಲಿನ ನಾಲ್ವರಿಗೆ ಮರುಳಸಿದ್ಧ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಉರಿ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿಲ್ಲ, ಗೊತ್ತು. ಮೇ ತಿಂಗಳು ಮುಗಿಯುವುದೇ ಇಲ್ಲ ಎಂದು ಜನ ಗೋಳಾಡಿದ್ದಕ್ಕೆ ನಮ್ಮ ತಾತಂದಿರ ಕಾಲದ ಸರ್ಕಾರ ಅದನ್ನು ಎರಡು ತುಂಡು ಮಾಡಿ, ಎರಡನೆಯದಕ್ಕೆ ಈ ಹೆಸರಿಟ್ಟಿತು. ಸೆಕೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೆ ಮೇ ಮುಗಿಯಿತಪ್ಪ ಎಂದು ಹೇಳಿಕೊಳ್ಳುವ ಸಮಾಧಾನವಂತೂ ಸಿಕ್ಕಿತು. ಇಂಥ ಗುರುತಿಲ್ಲದ ಪದಗಳು ಇನ್ನೂ ಕೆಲವು ಬರುತ್ತವೆ, ಕ್ಷಮಿಸಿ, ಬಂದಾಗ ಬಿಡಿಸಿ ಹೇಳುತ್ತೇನೆ. ನಾನು ಇದನ್ನು ಬರೆಯುತ್ತಿಲ್ಲ, ಮಾತಾಡುತ್ತಿದ್ದೇನೆ. ಹಿಂದಂಚೆಯ ಯಂತ್ರ ನನ್ನ ಮಾತನ್ನು ಓದುವ ಕನ್ನಡಕ್ಕೆ ತಿದ್ದಿಕೊಳ್ಳುತ್ತದೆ. ಬೇರೆಯವರು ಆಡಿದ ಮಾತುಗಳನ್ನು ಮಾತ್ರ ಮುಟ್ಟಬೇಡ ಎಂದು ಅದಕ್ಕೆ ಹೇಳಿಟ್ಟಿದ್ದೇನೆ.

ಹಿಂದಂಚೆ ಎಂದರೆ ಹಿಂದಿನವರಿಗೆ ಹಾಕುವ ಅಂಚೆ. ಐವತ್ತು ತುಂಬಿದವರಿಗೆ ಒಂದೇ ಒಂದು ಸಲ ಅವಕಾಶ. ತಲುಪುತ್ತದೋ ಇಲ್ಲವೋ ಯಾರಿಗೂ ತಿಳಿಯದು, ಉತ್ತರವಂತೂ ಈವರೆಗೆ ಯಾರಿಗೂ ಬಂದಿಲ್ಲ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ಹಾಕಿ, ಆ ಸೈಟು ಮಾರಬೇಡ ಎಂದು ಬೇಡಿಕೊಳ್ಳುತ್ತಾರೆ. ನಾನು ನಿಮಗೆ ಹಾಕುತ್ತಿದ್ದೇನೆ. ನಿಮ್ಮ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಕಪ್ಪು ನೀರಿನ ಟ್ಯಾಂಕಿನ ಮುಂದೆ, ಹೆಗಲಿಗೆ ಟವೆಲ್ ಕಟ್ಟಿಕೊಂಡು, ತಲೆಗೆ ಪ್ಲಾಸ್ಟಿಕ್ ಬಕೆಟ್ ಹಾಕಿಕೊಂಡು, ಯಾವುದೋ ದೊಡ್ಡ ಸಿನಿಮಾವನ್ನು ಅಣಕಿಸಿದ ಆರು ನಿಮಿಷದ ತುಣುಕು ನಿಮ್ಮದು. ಆ ದೊಡ್ಡ ಸಿನಿಮಾ ಯಾವುದೆಂದೂ ನಮಗೆ ಗೊತ್ತಿಲ್ಲ. ಅದು ಉಳಿದಿಲ್ಲ. ನಿಮ್ಮ ಬಕೆಟ್ ಉಳಿದಿದೆ.

ನಮ್ಮ ದಿನ ಹೇಗೆಂದು ಮೊದಲು ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ ತಪ್ಪು ನಿಮಗೆ ತಪ್ಪೆಂದೇ ಅನ್ನಿಸುವುದಿಲ್ಲ. ಬೆಳಗಿನ ನಾಲ್ಕಕ್ಕೆ ಊರು ಏಳುತ್ತದೆ. ಬೀದಿಗಳ ಮೇಲೆ ಆ ತುದಿಯಿಂದ ಈ ತುದಿಯವರೆಗೆ ನೆರಳುಬಟ್ಟೆ ಕಟ್ಟಿರುತ್ತೇವೆ. ಹರಿದದ್ದನ್ನು ಹೊಲಿಯುವುದು, ಸಡಿಲವಾದದ್ದನ್ನು ಬಿಗಿಯುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷ ಏಣಿ ಹತ್ತಿ ಇಳಿದು ಈಗ ನನ್ನ ಎರಡು ಮಂಡಿಗಳೂ ನನಗಿಂತ ಹೆಚ್ಚು ಮಾತಾಡುತ್ತವೆ. ಹನ್ನೊಂದಕ್ಕೆ ಸೈರನ್ ಕೂಗುತ್ತದೆ. ಅಲ್ಲಿಂದ ಸಂಜೆ ನಾಲ್ಕರವರೆಗೆ ಹೊರಗೆ ಕಾಲಿಡುವಂತಿಲ್ಲ. ಅದಕ್ಕೆ ಒಳಹೊತ್ತು ಎನ್ನುತ್ತೇವೆ. ಒಳಹೊತ್ತಿನಲ್ಲಿ ಇಡೀ ಊರು ಚಾಪೆ ಹಾಸಿಕೊಂಡು ಮಲಗಿ ಸಿನಿಮಾ ನೋಡುತ್ತದೆ. ಒಂದೇ ಕೋಣೆಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಮಲಗಿ, ಬೇರೆ ಬೇರೆ ಸಿನಿಮಾ.

ನಾವು ನೋಡುವುದು ತನ್ನೋಟ. ಹಣೆಪಟ್ಟಿ ಎಂದು ಎರಡು ಬೆರಳಗಲದ ಒಂದು ಪಟ್ಟಿ ಇದೆ. ಕಣ್ಣಿಗೆ ಇಳಿಸಿಕೊಂಡರೆ ಸಿನಿಮಾ. ಮೇಲೆ ಸರಿಸಿದರೆ ಹಣೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಸುಮ್ಮನೆ ಎಂದರೆ ಬರೀ ನೋಡುತ್ತಿರುತ್ತದೆ. ನಾವು ಯಾವುದಕ್ಕೆ ನಗುತ್ತೇವೆ, ಯಾರನ್ನು ಕಂಡರೆ ಉಸಿರು ಬಿಗಿಹಿಡಿಯುತ್ತೇವೆ, ಎಲ್ಲ ಗಮನಿಸಿ, ಮುಂದಿನ ಸಲ ಸಿನಿಮಾವನ್ನು ನಮಗೆ ಹೊಂದುವ ಹಾಗೆ ತಿದ್ದಿಕೊಳ್ಳುತ್ತದೆ. ಸಿನಿಮಾದ ಹೆಸರು, ಕಥೆಯ ಎಲುಬು ಎಲ್ಲರಿಗೂ ಒಂದೇ. ಮೈ ಮಾಂಸ ಅವರವರದು. ನಾನೇನೂ ಸಿನಿಮಾ ಹುಚ್ಚನಲ್ಲ, ಹೊತ್ತು ಕಳೆಯಲು ನೋಡುವವನು. ಆದರೂ ಹೇಳುತ್ತೇನೆ, ಮೂವತ್ತು ವರ್ಷದಲ್ಲಿ ಒಂದು ಸಿನಿಮಾವೂ ನನಗೆ ಬೇಸರ ತರಿಸಿಲ್ಲ, ಅದೇ ನನಗೆ ಬೇಸರ. ನನಗೆ ತೂಕಡಿಕೆ ಬಂದರೆ ಹೀರೋ ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಡುತ್ತಾನೆ. ಖಳನಾಯಕ ಪಾಪ, ಹೊಡೆಸಿಕೊಳ್ಳಲು ಕೆನ್ನೆ ಕೊಟ್ಟುಕೊಂಡು ನಾನು ಏಳುವ ತನಕ ಕಾಯುತ್ತಾನೆ. ಇಷ್ಟು ಮರ್ಯಾದೆ ನನ್ನ ಮದುವೆಯ ದಿನವೂ ನನಗೆ ಸಿಕ್ಕಿರಲಿಲ್ಲ.

ಇನ್ನೊಂದು ಮಾತು, ಇದು ಮುಖ್ಯ. ಬೇರೆಯವರ ತನ್ನೋಟದಲ್ಲಿ ಏನಿದೆ ಎಂದು ಕೇಳುವಂತಿಲ್ಲ. ಕಾನೂನೇನಲ್ಲ, ನಡವಳಿಕೆ. ಕೇಳುವುದೆಂದರೆ ಬಚ್ಚಲುಮನೆಯ ಬಾಗಿಲು ತಳ್ಳಿದ ಹಾಗೆ. "ಕೆಂಚರಾಯ ನೋಡಿದ್ರಾ?" ಎನ್ನಬಹುದು. "ನೋಡ್ದೆ, ಚೆನ್ನಾಗಿತ್ತು" ಎಂದರೆ ಅಲ್ಲಿಗೆ ಮುಗಿಸಬೇಕು. ನಾನೂ ನನ್ನ ಹೆಂಡತಿ ಧಾತ್ರಿಯೂ ಇಪ್ಪತ್ತನಾಲ್ಕು ವರ್ಷ ಹೀಗೆಯೇ ಮುಗಿಸಿಕೊಂಡು ಬಂದಿದ್ದೇವೆ.

'ಕಂಡಕ್ಟರ್ ಕೆಂಚರಾಯ' ನಮ್ಮ ಕಡೆ ಎಲ್ಲರೂ ನೋಡಿರುವ ಸಿನಿಮಾ. ಒಬ್ಬ ಬಸ್ ಕಂಡಕ್ಟರ್. ಬಾಯಲ್ಲಿ ಸೀಟಿ, ಕಂಕುಳಲ್ಲಿ ಟಿಕೆಟ್ ಚೀಲ. ಅನ್ಯಾಯ ಕಂಡಲ್ಲಿ ಬಸ್ ನಿಲ್ಲಿಸಿ ಇಳಿದು ಹೊಡೆದು ಮತ್ತೆ ಹತ್ತುತ್ತಾನೆ. ಪ್ರಯಾಣಿಕರು ಅಷ್ಟು ಹೊತ್ತು ಒಂದು ಮಾತೂ ಆಡದೆ ಕಾಯುತ್ತಾರೆ, ಅಲ್ಲೇ ಗೊತ್ತಾಗುತ್ತದೆ ಇದು ಕಟ್ಟುಕಥೆ ಎಂದು. ಕೊನೆಗೆ ಪ್ರವಾಹದಲ್ಲಿ ಎಲ್ಲರನ್ನೂ ಬಸ್ಸಿನಿಂದ ಇಳಿಸಿ, ಬಸ್ಸಿನ ಜೊತೆ ತಾನೂ ಮುಳುಗುತ್ತಾನೆ. ಧಾತ್ರಿ ಇದನ್ನು ಪ್ರತಿ ಗುರುವಾರ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಒಂದು ಗುರುವಾರವೂ ತಪ್ಪಿಸಿರಲಿಲ್ಲ. ನಾನು ಅದನ್ನು ಅಭಿಮಾನ ಎಂದುಕೊಂಡಿದ್ದೆ. ಕೇಳುವಂತಿಲ್ಲವಲ್ಲ.

ಒಂದು ತುಣುಕಿಗೆ ಹತ್ತೇ ನಿಮಿಷವಂತೆ, ಯಂತ್ರ ಕೆಂಪಗಾಯಿತು. ಇದು ಎರಡನೆಯದು.

ನಿಮ್ಮ ತುಣುಕು ಸಿಕ್ಕಿದ್ದು ನಮ್ಮ ಬೀದಿಯ ಲೈಬ್ರರಿಯಲ್ಲಿ. ಅದನ್ನು ನೋಡಿಕೊಳ್ಳುವವರು ಜಲಜಕ್ಕ, ಅರವತ್ತು ದಾಟಿದವರು, ಬಾಯಿ ಮಾತ್ರ ಇಪ್ಪತ್ತರದು. ಅಲ್ಲೊಂದು ಹಳೆಯ ಕಾಲದ ಗೋಡೆತೆರೆ ಇದೆ. ಅದಕ್ಕೆ ಯಾರ ಹಣೆಯೂ ಗೊತ್ತಿಲ್ಲ, ಎಲ್ಲರಿಗೂ ಒಂದನ್ನೇ ತೋರಿಸುತ್ತದೆ. ಹೋದ ಚಳಿಗಾಲದಲ್ಲಿ ಒಂದು ದಿನ ಲೈಬ್ರರಿಯ ಮೇಲಿನ ಬಟ್ಟೆ ಹೊಲಿಯುತ್ತಿದ್ದಾಗ ಸೈರನ್ ಆಗಿಬಿಟ್ಟಿತು, ನಾನು ಒಳಗೇ ಸಿಕ್ಕಿಕೊಂಡೆ. ಟೈಲರ್ ಫಯಾಜಣ್ಣನೂ ಇದ್ದ, ಇನ್ನು ಮೂರು ಜನ ಇದ್ದರು. ಬೇಸರಕ್ಕೆ ಜಲಜಕ್ಕ ಹಳೆಯ ಪೆಟ್ಟಿಗೆಯಿಂದ ನಿಮ್ಮನ್ನು ಹಚ್ಚಿದರು.

ನಿಮ್ಮ ಹೀರೋ ನಿಧಾನಗತಿಯಲ್ಲಿ ನಡೆದು ಬರುತ್ತಾನಲ್ಲ, ಕ್ಯಾಮೆರಾದಲ್ಲಿ ಆ ಸೌಕರ್ಯ ಇಲ್ಲದೆ ತಾನೇ ಕೈಕಾಲು ನಿಧಾನವಾಗಿ ಆಡಿಸಿಕೊಂಡು. ಟವೆಲ್ ಹಾರಾಡಲಿ ಎಂದು ಒಬ್ಬರು ಪಕ್ಕದಲ್ಲಿ ಕೂತು ರಟ್ಟಿನಿಂದ ಗಾಳಿ ಹಾಕುತ್ತಾರೆ, ಅವರ ಮೊಣಕೈ ಕಾಣುತ್ತದೆ. ಹಿಂದೆ ಒಂದು ನಾಯಿ ಬಂದು, ಮಾಮೂಲಿ ವೇಗದಲ್ಲಿ ಕಿವಿ ಕೆರೆದುಕೊಂಡು ಹೋಗುತ್ತದೆ. ಅಲ್ಲಿ ನಾವು ಆರೂ ಜನ ಒಟ್ಟಿಗೆ ನಕ್ಕೆವು. ಒಂದೇ ಸಲ, ಒಂದೇ ನಾಯಿಗೆ. ನನಗೆ ಐವತ್ತು ವರ್ಷ. ಆರು ಜನ ಒಂದೇ ಕ್ಷಣದಲ್ಲಿ ನಕ್ಕ ಸದ್ದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಫಯಾಜಣ್ಣ ಗಾಬರಿಯಾಗಿ ಏನೋ ಬಿತ್ತೆಂದು ಸೂರು ನೋಡಿದ. ಆಮೇಲೆ ನಿಮ್ಮಲ್ಲಿ ಅಂಟಿಸಿದ ಮೀಸೆ ತೆಗೆಯದೆಯೇ ತಾಯಿಯ ಪಾತ್ರ ಮಾಡಿದವರು ಸೆರಗಿನಲ್ಲಿ ಕಣ್ಣೊರೆಸಿದರು, ಮೀಸೆ ಸೆರಗಿಗೆ ಅಂಟಿ ಹೋಯಿತು, ಆದರೂ ಅಳು ನಿಲ್ಲಿಸಲಿಲ್ಲ. ನಾವು ನಿಮ್ಮನ್ನು ಹನ್ನೊಂದು ಸಲ ನೋಡಿದೆವು.

ಅವತ್ತೇ ತೀರ್ಮಾನವಾಯಿತು. ನಾವೂ ಒಂದು ಅಣಕ ಮಾಡಬೇಕು, ನಮ್ಮ ಬೀದಿಯಲ್ಲಿ, ಸಂಜೆ ಐದಕ್ಕೆ, ಎಲ್ಲರ ಮುಂದೆ. ಯಾವುದರದ್ದು? ಎಲ್ಲರೂ ನೋಡಿರುವುದು ಕೆಂಚರಾಯ. ನಾನೇ ಕೆಂಚರಾಯ ಆಗುತ್ತೇನೆ ಎಂದೆ, ಏಣಿ ಹತ್ತಿ ಗೊತ್ತಿರುವವನು ಎಂಬ ಒಂದೇ ಅರ್ಹತೆಯಿಂದ. ಮೊದಲ ತಾಲೀಮಿಗೆ ಎದೆ ಉಬ್ಬಿಸಿ, ಸೀಟಿ ಊದಿ, ನನ್ನ ಕೆಂಚರಾಯ ಬರುವ ಹಾಗೆ ಬಂದೆ.

"ಯಾರಿದು?" ಎಂದರು ಜಲಜಕ್ಕ.

"ಕೆಂಚರಾಯ ಅಲ್ವೇನಕ್ಕ."

"ಕೆಂಚರಾಯ ಇಷ್ಟುದ್ದ ಎಲ್ಲಿದ್ದಾನೆ?" ಎಂದ ಫಯಾಜಣ್ಣ. "ನಮ್ಮೋನು ಗಿಡ್ಡ, ದುಂಡಗೆ, ಮನೆ ಕಡೆ ಮಾತೇ ಆಡ್ತಾನೆ. ಹೊಡೆದಾದ್ಮೇಲೆ 'ಮಾಫ್ ಕರೋ ಭಾಯ್' ಅಂತಾನೆ."

"ನಿಮ್ಮಿಬ್ರಿಗೂ ತಲೆ ಕೆಟ್ಟಿದೆ. ಕೆಂಚರಾಯ ಹೆಂಗಸು ಕಣ್ರೋ."

"ಅಕ್ಕಾ, ಹೆಸರು ಕೆಂಚರಾಯ ಅಂತಿದೆ!"

"ಇದ್ರೆ? ಅವಳಪ್ಪನ ಹೆಸರು. ಅಪ್ಪ ಸತ್ತ ಮೇಲೆ ಅವನ ಕೆಲಸ, ಅವನ ಹೆಸರು ಎರಡೂ ತಗೊಂಡಿರ್ತಾಳೆ. ನೀನು ಕಥೆ ಸರಿಯಾಗಿ ನೋಡಿಲ್ಲ ಮರುಳ."

ಬಚ್ಚಲುಮನೆಯ ಬಾಗಿಲು ಮೂರೂ ಕಡೆಯಿಂದ ತೆರೆದುಬಿಟ್ಟಿತ್ತು. ಅಣಕ ಎಂದರೇನೆಂದು ನನಗೆ ಆಗ ಅರ್ಥವಾಯಿತು. ಅಣಕಿಸುವುದಕ್ಕೆ ಮೊದಲು ಎಲ್ಲರೂ ಒಂದನ್ನೇ ನೋಡಿರಬೇಕು. ನೀವು ನಾಲ್ವರು ಪುಣ್ಯವಂತರು, ಇದು ನಿಮಗೆ ಯೋಚಿಸದೆಯೇ ಸಿಕ್ಕಿತ್ತು. ನಿಮ್ಮ ಆ ದೊಡ್ಡ ಸಿನಿಮಾವನ್ನು ನಿಮ್ಮ ಊರು, ಪಕ್ಕದ ಊರು, ನಿಮಗೆ ಆಗದ ಮಾವ, ಎಲ್ಲರೂ ಅದೇ ಮುಖದಲ್ಲಿ, ಅದೇ ಬೆಲ್ಟಿನಲ್ಲಿ ನೋಡಿದ್ದರು.

ಹಾಗಾದರೆ ಯಾರಾದರೂ ಒಬ್ಬರ ಕೆಂಚರಾಯನನ್ನು ಎಲ್ಲರೂ ಸೇರಿ ಗೋಡೆಯ ಮೇಲೆ ನೋಡಿ, ಅವನನ್ನೇ ಅಣಕಿಸೋಣ ಎಂದಾಯಿತು. ತಮ್ಮದನ್ನು ಕೊಡಲು ಯಾರೂ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ, ನನ್ನ ಕೆಂಚರಾಯನ ಹೆಂಡತಿ ಯಾರ ಹಾಗಿದ್ದಾಳೆ ಎಂದು ಇಲ್ಲಿ ಹೇಳುವ ಅಗತ್ಯವಿಲ್ಲ. ಆ ವಾರ ಧಾತ್ರಿ ಕಡೂರಿಗೆ ಅವಳ ಅಕ್ಕನ ಮನೆಗೆ ಹೋಗಿದ್ದಳು, ಅಕ್ಕನ ಮೊಮ್ಮಗುವಿನ ನಾಮಕರಣ. ಹಣೆಪಟ್ಟಿಯನ್ನು ಗಡಿಬಿಡಿಯಲ್ಲಿ ಮನೆಯಲ್ಲೇ ಮರೆತಿದ್ದಳು, ಹತ್ತೊಂಬತ್ತು ವರ್ಷದಲ್ಲಿ ಅವಳು ತಪ್ಪಿಸಿದ ಮೊದಲ ಗುರುವಾರ ಅದು. ಒಂದೇ ಮನೆಯವರ ಪಟ್ಟಿ ಒಬ್ಬರದು ಇನ್ನೊಬ್ಬರಿಗೆ ತೆರೆದುಕೊಳ್ಳುತ್ತದೆ, ಗಂಡ ಹೆಂಡತಿ ಹಾಗೆ ತೆರೆಯುವುದಿಲ್ಲ ಎಂಬ ನಂಬಿಕೆಯ ಮೇಲೆ. ನಾನು ತೆಗೆದುಕೊಂಡು ಹೋದೆ. ಕೇಳಲಿಲ್ಲ. ಅವಳಷ್ಟು ಕೆಂಚರಾಯ ನೋಡಿದವರು ಊರಲ್ಲಿ ಇನ್ನೊಬ್ಬರಿಲ್ಲ, ಅವಳ ಕೆಂಚರಾಯನೇ ಅಸಲಿ ಇದ್ದಾನು ಎಂದು ನನ್ನ ಲೆಕ್ಕಾಚಾರ.

ಅವಳ ಕೆಂಚರಾಯ ತೆಳ್ಳಗಿದ್ದ. ಮುಖ ಯಾರದೂ ಅಲ್ಲ, ಸುಮ್ಮನೆ ಒಂದು ಒಳ್ಳೆಯ ಮುಖ. ನಡೆಯುವಾಗ ಎಡಭುಜ ತುಸು ಮೇಲಿರುತ್ತಿತ್ತು. ಬಲಗಾಲು ನೆಲಕ್ಕೆ ಊರುವ ಮೊದಲು ಒಂದು ಗಳಿಗೆ ಅನುಮಾನ ಪಡುತ್ತಿತ್ತು. ಮಾತಾಡುವ ಮೊದಲು ಬಲಗಿವಿ ಎಳೆದುಕೊಳ್ಳುತ್ತಿದ್ದ. ಇವನನ್ನು ಎಲ್ಲೋ ನೋಡಿದ್ದೇನೆ ಎಂದು ನನಗೆ ಅನ್ನಿಸಿತು. ಸಿನಿಮಾದ ಹೀರೋಗಳನ್ನು ನೋಡಿದಾಗ ಹಾಗನ್ನಿಸುವುದು ಮಾಮೂಲು ಎಂದು ಬಿಟ್ಟೆ. "ಭುಜ ಬಿಡ್ಬೇಡ ಮರುಳಣ್ಣ, ಭುಜದಲ್ಲೇ ಇರೋದು ಮಜಾ" ಎಂದ ಫಯಾಜಣ್ಣ. ನಾನು ಒಂದು ವಾರ ಭುಜ, ಕಾಲು, ಕಿವಿ ಮೂರನ್ನೂ ತಾಲೀಮು ಮಾಡಿದೆ.

ಪ್ರದರ್ಶನದ ಸಂಜೆ ಬೀದಿಯವರೆಲ್ಲ ಸೇರಿದ್ದರು. ಅವರಿಗೆ ಕೆಂಚರಾಯ ಯಾರೆಂದು ಗೊತ್ತಾಗಲಿ ಎಂದು ಮೊದಲು ಗೋಡೆಯ ಮೇಲೆ ಅವನು ಬಸ್ಸಿನಿಂದ ಇಳಿದು ಬರುವ ದೃಶ್ಯವನ್ನು ಎರಡು ನಿಮಿಷ ತೋರಿಸಿದೆವು, ಧಾತ್ರಿ ಬರುವ ಮೊದಲೇ ಮುಗಿಸಿದೆವು. ಯಾರ ತನ್ನೋಟ ಎಂದು ಯಾರೂ ಕೇಳಲಿಲ್ಲ, ಸಭ್ಯ ಜನ. ಪಟ್ಟಿಯನ್ನು ಅವಳು ಊರಿಂದ ಬರುವಷ್ಟರಲ್ಲಿ ಅದರ ಜಾಗದಲ್ಲಿ ಇಟ್ಟಿದ್ದೆ. ಅವಳು ಕೈಕಾಲು ತೊಳೆದು, ಅದನ್ನು ಹಣೆಗೆ ಏರಿಸಿಕೊಂಡು, ನಮ್ಮ ಬಾಗಿಲಲ್ಲಿ ಬಂದು ನಿಂತಳು.

ಬಸ್ಸು ಎಂದರೆ ಹಗ್ಗ. ಹಗ್ಗದೊಳಗೆ ಆರು ಜನ, ಮುಂದೆ ಫಯಾಜಣ್ಣ ಇಂಜಿನ್ನು, ಬಾಯಲ್ಲೇ ಸದ್ದು. ಪ್ರವಾಹ ಎಂದರೆ ನನ್ನದೇ ಹಳೆಯ ನೀಲಿ ನೆರಳುಬಟ್ಟೆ, ಇಬ್ಬರು ಹಿಡಿದು ಅಲ್ಲಾಡಿಸುವುದು. ನಾನು ಸೀಟಿ ಊದಿ ಇಳಿದೆ. ಎಡಭುಜವನ್ನು ಕಿವಿಯವರೆಗೆ ಎತ್ತಿದೆ. ಬಲಗಾಲನ್ನು ಗಾಳಿಯಲ್ಲಿ ಹಿಡಿದುಕೊಂಡು, ಇಡಲೋ ಬೇಡವೋ ಎಂದು ಎಣಿಸುತ್ತಾ ನಿಂತೆ. ಕಿವಿ ಎಳೆದೂ ಎಳೆದೂ, ಕಿವಿ ಹಿಡಿದೇ ಬಸ್ಸಿನ ಸುತ್ತ ನನ್ನನ್ನು ನಾನೇ ಎಳೆದುಕೊಂಡು ಹೋದೆ. ಬೀದಿ ನಕ್ಕಿತು. ಎಪ್ಪತ್ತು ಎಂಬತ್ತು ಜನ ಒಟ್ಟಿಗೆ. ಆ ಸದ್ದಿಗೆ ತಲೆಯ ಮೇಲಿನ ಬಟ್ಟೆ ನಡುಗಿತು ಎಂದರೆ ನಂಬಿ, ಅದನ್ನು ಕಟ್ಟಿದವನು ನಾನು. ಬಾಗಿಲ ಕಡೆ ನೋಡಿದೆ. ಧಾತ್ರಿ ಇರಲಿಲ್ಲ. ಪ್ರಯಾಣದ ಸುಸ್ತು ಎಂದುಕೊಂಡು ಇನ್ನೊಂದು ಸುತ್ತು ಹೊಡೆದೆ.

ನಾಲ್ಕು ದಿನ ಅವಳು ಮಾತು ಕಡಿಮೆ ಮಾಡಿದಳು. ಐದನೆಯ ದಿನ ಗುರುವಾರ. ಒಳಹೊತ್ತಿನಲ್ಲಿ ಎಂದಿನಂತೆ ಪಕ್ಕದ ಚಾಪೆಯಲ್ಲಿ ಮಲಗಿ ಪಟ್ಟಿ ಇಳಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಕಿತ್ತು ಎದೆಯ ಮೇಲಿಟ್ಟುಕೊಂಡಳು. ಮತ್ತೆ ಹಾಕಿದಳು. ಮತ್ತೆ ಕಿತ್ತಳು. ಆಮೇಲೆ ಎದ್ದು ಕೂತಳು.

"ರೀ, ಅವತ್ತು ನೀವು ಯಾರ ಥರ ನಡೆದ್ರಿ ಅಂತ ಗೊತ್ತಾ ನಿಮಗೆ?"

"ಕೆಂಚರಾಯನ ಥರ."

"ಕರಿಬಸು ಥರ."

ಕರಿಬಸು ಅವಳ ತಮ್ಮ. ಕಡೂರಿನಲ್ಲಿದ್ದ. ಹತ್ತೊಂಬತ್ತು ವರ್ಷದ ಹಿಂದೆ, ಇಪ್ಪತ್ತಾರನೆಯ ವಯಸ್ಸಿಗೆ, ಸೈರನ್ ಆದ ಮೇಲೂ ರಸ್ತೆಯಲ್ಲಿದ್ದ ಯಾರನ್ನೋ ಒಳಗೆ ಕರೆತರಲು ಹೋಗಿ, ಬಿಸಿಲಿಗೆ ಬಿದ್ದು ತೀರಿಕೊಂಡ. ನಮ್ಮ ಮದುವೆಯಲ್ಲಿ ನನ್ನ ಚಪ್ಪಲಿ ಬಚ್ಚಿಟ್ಟವನು. ಐದು ವರ್ಷ ನಮ್ಮ ಮನೆಗೆ ಬಂದು ಹೋದವನು. ಅವನ ನಡಿಗೆಯನ್ನು ನಾನು ಒಂದು ವಾರ ಕೂತು ಕಲಿತೆ, ಅದು ಅವನದೆಂದು ನನಗೆ ಹೊಳೆಯಲೇ ಇಲ್ಲ.

ನಿಮಗೆ ಒಂದು ಪ್ರಶ್ನೆ ಬರುತ್ತದೆ, ಅವನ ಚಿತ್ರ ಗಿತ್ರ ಇರಲಿಲ್ಲವೇ ಎಂದು. ನಮ್ಮಲ್ಲಿ ಬಿಡುಗಡೆ ಕಾನೂನು ಎಂದು ಒಂದಿದೆ. ನಮ್ಮ ಅಜ್ಜಿಯ ಕಾಲದಲ್ಲಿ ಜನ ಸತ್ತವರನ್ನು ಯಂತ್ರದಲ್ಲಿ ಎಬ್ಬಿಸಿಕೊಂಡು, ಅವರ ಜೊತೆ ಮಾತಾಡುತ್ತಾ ಊಟ ನಿದ್ದೆ ಬಿಟ್ಟು ಒಣಗಿಹೋದರಂತೆ. ಅದಕ್ಕೆ ಸತ್ತು ಹನ್ನೆರಡು ವರ್ಷಕ್ಕೆ ಅವರ ಎಲ್ಲ ಚಿತ್ರ, ಧ್ವನಿ ಅಳಿಸಬೇಕು. ಮುಖವನ್ನು ತನ್ನೋಟವೂ ಬಳಸುವಂತಿಲ್ಲ. ಆದರೆ ನಡಿಗೆಯ ಬಗ್ಗೆ ಕಾನೂನಿನಲ್ಲಿ ಯಾರೂ ಬರೆಯಲಿಲ್ಲ. ಹೀರೋನ ಎಡಭುಜ ಏರಿದಾಗ ಧಾತ್ರಿಯ ಉಸಿರು ಬದಲಾಗುವುದನ್ನು ಅವಳ ಪಟ್ಟಿ ಕಂಡುಕೊಂಡಿತು. ಇನ್ನೊಂದು ಗುರುವಾರ ಕಾಲು ಸರಿಮಾಡಿತು. ಹತ್ತೊಂಬತ್ತು ವರ್ಷ ಅವಳ ಉಸಿರನ್ನೇ ನೋಡಿ ನೋಡಿ ಅವನ ನಡಿಗೆಯನ್ನು ಕಟ್ಟಿಕೊಟ್ಟಿತ್ತು. ವಾರಕ್ಕೊಮ್ಮೆ ಅವಳ ತಮ್ಮ ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದ. ಅವಳಿಗೆ ಕಥೆ ಬೇಕಿರಲಿಲ್ಲ.

"ತಪ್ಪಾಯ್ತು ಕಣೇ. ಕೇಳ್ದೆ ತಗೊಂಡಿದ್ದು ತಪ್ಪು, ಆಡ್ಕೊಂಡಿದ್ದು ತಪ್ಪು."

"ಆಡ್ಕೊಂಡಿದ್ದಕ್ಕಲ್ಲ. ಅವನಿದ್ದಿದ್ರೆ ಎಲ್ಲರಿಗಿಂತ ಜಾಸ್ತಿ ಅವನೇ ನಗ್ತಿದ್ದ." ಅವಳು ಪಟ್ಟಿಯನ್ನು ನನ್ನ ಕಡೆ ತಳ್ಳಿದಳು. "ಇದ್ರಲ್ಲಿ ಈಗ ಅವ್ನು ಬರ್ತಿಲ್ಲ. ನೀವು ಬರ್ತಿದ್ದೀರಿ."

ನೋಡಿದೆ. ಆ ಸಂಜೆ ಅವಳ ಹಣೆಯ ಮೇಲೆ ಕೂತು ಪಟ್ಟಿ ಬೀದಿಯನ್ನು ನೋಡಿತ್ತು. ಅವಳ ಎದೆ ಹಿಂದೆಂದೂ ಇಲ್ಲದಷ್ಟು ಜೋರಾಗಿ ಹೊಡೆದುಕೊಂಡದ್ದನ್ನು ಗಮನಿಸಿತ್ತು. ಇವಳಿಗೆ ಇಷ್ಟವಾದದ್ದು ಇದೇ ಎಂದುಕೊಂಡು, ಹಳೆಯದನ್ನು ಅಳಿಸಿ ಹೊಸದನ್ನು ಹಾಕಿತ್ತು. ಒಳ್ಳೆಯ ಮುಖದ ಆ ತೆಳ್ಳನೆಯ ಕೆಂಚರಾಯ ಬಸ್ಸಿನಿಂದ ಇಳಿದು, ಭುಜವನ್ನು ಕಿವಿಗೆ ಅಂಟಿಸಿಕೊಂಡು, ಕಾಲು ಗಾಳಿಯಲ್ಲಿ ಹಿಡಿದು ಕುಂಟುತ್ತಿದ್ದ. ನನ್ನ ಕೋಡಂಗಿ ಕುಣಿತ. ಸಾಯುವ ದೃಶ್ಯದಲ್ಲೂ ಕಿವಿ ಹಿಡಿದುಕೊಂಡೇ ಮುಳುಗಿದ.

ಜಲಜಕ್ಕನ ಹತ್ತಿರ ಓಡಿದೆ. "ಹಳೇದು ವಾಪಸ್ ಬರುತ್ತಾ ಅಕ್ಕ?"

"ತನ್ನೋಟ ಎಲ್ಲಿ ಉಳ್ಸಿಡ್ತದೋ. ನೋಡಿದ್ದು ನೋಡಿದ್ ಹಾಗೇ ಹೋಯ್ತು. ಗೋಡೆ ಮೇಲೆ ಹಾಕಿದ್ದನ್ನೂ ನಾನು ಇಟ್ಕೊಂಡಿಲ್ಲ. ನಿನ್ನ ಹೆಂಡ್ತಿದು ಅಂತ ನಾಚಿಕೆಯಾಗಿ ಅವತ್ತೇ ಅಳಿಸ್ದೆ." ಹೊರಟವನನ್ನು ತೋಳು ಹಿಡಿದು ನಿಲ್ಲಿಸಿದರು. "ಈಗ ಆ ನಡಿಗೆ ಇರೋದು ನಿನ್ನ ಮೈಯಲ್ಲೊಂದೇ ಕಣೋ. ಕೆಟ್ಟು ಕೂತಿದೆ, ಆದ್ರೂ ಅಲ್ಲೇ ಇದೆ. ಪಟ್ಟಿ ಮುಂದೆ ಸರಿಯಾಗಿ ನಡೆದು ತೋರಿಸು, ಕಲೀಬಹುದು."

ಮೂರನೆಯ ತುಣುಕು ಇದು, ಕೊನೆಯದು ಕೂಡ.

ನಾಲ್ಕು ತಿಂಗಳಿಂದ ನಾನು ದಿನಾ ಸಂಜೆ ನಡೆಯುತ್ತಿದ್ದೇನೆ. ನಮ್ಮ ಬಾಗಿಲಿನಿಂದ ಬೀದಿಯ ತಿರುವಿನವರೆಗೆ, ಅಲ್ಲಿಂದ ವಾಪಸ್ಸು. ಧಾತ್ರಿ ಪಟ್ಟಿಯನ್ನು ಹಣೆಗೆ ಏರಿಸಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಅಣಕ ಕಟ್ಟುವುದಕ್ಕೆ ಒಂದು ವಾರ ಸಾಕಾಗಿತ್ತು. ಬಿಚ್ಚುವುದು ಇಷ್ಟು ಕಷ್ಟ ಎಂದು ಯಾರಾದರೂ ಹೇಳಬಾರದಿತ್ತೇ. ಭುಜ ಇಳಿಸಿದರೆ ಕಾಲು ಮರೆಯುತ್ತದೆ. ಕಾಲು ನೆನಪಾದರೆ ಕೈ ತಾನಾಗಿ ಕಿವಿಗೆ ಹೋಗುತ್ತದೆ.

"ಅಷ್ಟು ಎತ್ತಬೇಡಿ ಭುಜ, ಅವನೇನು ಹೆಗಲ ಮೇಲೆ ಮೂಟೆ ಹೊತ್ತಿದ್ನಾ?"

"ಈಗ?"

"ಈಗ ನೀವೇ ನಡೀತಿದ್ದೀರಿ."

"ಇದು?"

"ಇದು ಯಾರೋ ಕುಡ್ದಿರೋರು."

ಕಡೂರಿನ ಅವಳ ಅಕ್ಕನನ್ನು ಕೇಳಿದೆವು. ಎತ್ತಿದ್ದು ಬಲಭುಜ ಎಂದು ಅವರು ಆಣೆ ಹಾಕಿ ಹೇಳಿದರು. ಅವತ್ತಿನಿಂದ ಧಾತ್ರಿಗೂ ಒಂದೊಂದು ದಿನ ಅನುಮಾನ ಬರುತ್ತದೆ, ಅದೇ ನನಗೆ ಹೆದರಿಕೆ. ಮೊದಲು ಸಿಡುಕುತ್ತಿದ್ದಳು, ಈಗ ಹೇಳುವ ಮೊದಲು ಕಣ್ಣು ಮುಚ್ಚಿಕೊಂಡು ಯೋಚಿಸುತ್ತಾಳೆ. ಯೋಚಿಸುವ ಹೊತ್ತು ದಿನದಿಂದ ದಿನಕ್ಕೆ ಉದ್ದವಾಗುತ್ತಿದೆ. ನಾನು ಬೇಗ ಸರಿಯಾಗಿ ನಡೆಯದಿದ್ದರೆ, ಸರಿ ಯಾವುದೆಂದು ಹೇಳುವವರೂ ಇರುವುದಿಲ್ಲ. ಫಯಾಜಣ್ಣ ತನ್ನ ಅಂಗಡಿಯಿಂದ ನೋಡುತ್ತಿರುತ್ತಾನೆ. ಒಂದು ದಿನ ಬಂದು, ಎಡಭುಜದ ಒಳಗೆ ಒಂದು ಮಡಿಕೆ ಹೊಲಿದ ಅಂಗಿ ಕೊಟ್ಟು ಹೋದ, ಭುಜ ತಾನಾಗಿ ಅಷ್ಟೇ ಎತ್ತರದಲ್ಲಿ ನಿಲ್ಲಲಿ ಎಂದು. ಪುಣ್ಯಾತ್ಮ ಅವತ್ತಿನಿಂದ ಒಂದು ಸಲವೂ ನನ್ನನ್ನು ನೋಡಿ ನಕ್ಕಿಲ್ಲ. ಬೀದಿಯವರೂ ನಗುವುದಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ, ಗೊತ್ತಿಲ್ಲ. ಬೆಳಗ್ಗೆ ಏಣಿ, ಸಂಜೆ ಇದು. ಸುಸ್ತಾಗುತ್ತದೆ.

ನಿಮ್ಮನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ನೀವು ಮಾಡುವುದನ್ನು ನಿಲ್ಲಿಸಬೇಡಿ, ಬಕೆಟ್ ಒಡೆದರೆ ಇನ್ನೊಂದು ತನ್ನಿ. ಒಂದು ಬೇಡಿಕೆ ಇದೆ, ಅದಕ್ಕೇ ನನ್ನ ಒಂದೇ ಅವಕಾಶವನ್ನು ನಿಮಗೆ ಹಾಕಿದ್ದು. ನಿಮ್ಮ ಬಕೆಟ್ ಹೀರೋ ಸೊಂಟಕ್ಕೆ ಕೈಕೊಟ್ಟು, ಹಿಂದಕ್ಕೆ ವಾಲಿ, ಕತ್ತು ಮಾತ್ರ ಮುಂದೆ ಚಾಚಿ ನಡೆಯುತ್ತಾರಲ್ಲ, ಅದು ಆ ದೊಡ್ಡ ಸಿನಿಮಾದ ಹೀರೋನ ನಡಿಗೆ ಅಲ್ಲ ಎಂದು ನನಗೆ ಈಚೆಗೆ ಅನ್ನಿಸುತ್ತಿದೆ. ಅವರು ಹಾಗೆ ನಡೆದಾಗಲೆಲ್ಲ ಕ್ಯಾಮೆರಾ ಹಿಡಿದವರ ಕೈ ನಡುಗಿ ಚಿತ್ರ ಅಲುಗುತ್ತದೆ. ನಗು ತಡೆದುಕೊಳ್ಳುತ್ತಿರುವ ಕೈ ಅದು. ಆ ನಡಿಗೆ ನಿಮ್ಮ ನಾಲ್ವರಿಗೂ ಗೊತ್ತಿರುವ ಯಾರದೋ. ಮೇಷ್ಟ್ರದೋ, ಕೆಳಗಿನ ಮನೆಯ ಓನರದೋ, ಯಾರದೋ ದೊಡ್ಡಪ್ಪನದೋ. ಅವರು ಇದ್ದರೆ, ಇವತ್ತೇ ಹೋಗಿ, ಅವರು ತಮ್ಮ ಪಾಡಿಗೆ ತಾವು ಹಾಲಿಗೋ ತರಕಾರಿಗೋ ನಡೆದು ಹೋಗುವುದನ್ನು ನಿಮ್ಮ ಫೋನಿನಲ್ಲಿ ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ. ಟವೆಲ್ ಬೇಡ, ಸಂಗೀತ ಬೇಡ. ನಿಮ್ಮ ಅಣಕ ನಮ್ಮವರೆಗೆ ಬಂತು. ಅವರು ಬರಲಿಲ್ಲ.

ಇಷ್ಟೇ ಹೇಳಬೇಕಿತ್ತು. ಆದರೆ ನಿನ್ನೆಯದನ್ನೂ ಹೇಳಿಬಿಡುತ್ತೇನೆ, ಯಂತ್ರ ಇನ್ನೂ ಕೆಂಪಗಾಗಿಲ್ಲ. ನಿನ್ನೆ ಗಾಳಿ ಜಾಸ್ತಿ ಇತ್ತು, ಕೆಲಸ ಮುಗಿಸಿ ಬರುವಷ್ಟರಲ್ಲಿ ಆರು ದಾಟಿತ್ತು. ಮಂಡಿ ಊದಿಕೊಂಡಿತ್ತು. ಇವತ್ತು ಬೇಡವೆನ್ನೋಣ ಎಂದುಕೊಂಡೆ, ಆದರೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು, ಸುಮ್ಮನೆ ತಿರುವಿನವರೆಗೆ ಹೋಗಿ ಬರತೊಡಗಿದೆ. ಭುಜದ ಯೋಚನೆ ಮಾಡಲಿಲ್ಲ, ಕಾಲಿನದೂ ಇಲ್ಲ. ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ ಎಂದು ಯೋಚಿಸುತ್ತಾ ಬರುತ್ತಿದ್ದೆ. ಧಾತ್ರಿ ಎದ್ದು ನಿಂತಳು.

"ಅದೇ. ಅದೇ ರೀ, ಆ ಹೆಜ್ಜೆ!"

ನಾನು ನಿಂತಲ್ಲೇ ನಿಂತೆ. "ಯಾವುದೇ? ಈಗಿಂದಾ, ಅದರ ಹಿಂದಿಂದಾ?"

"ಗೊತ್ತಿಲ್ಲ. ಒಂದು ಹೆಜ್ಜೆ. ಬಂದ, ಹೋದ."

ಅವಳ ಹಣೆ ನೋಡಿದೆ. ಖಾಲಿ ಇತ್ತು. ಪಟ್ಟಿ ಹಾಕಿಕೊಳ್ಳುವುದನ್ನು ಮರೆತು ಬಂದಿದ್ದಳು. "ಅಯ್ಯೋ, ಅದು ನೋಡ್ಲೇ ಇಲ್ವಲ್ಲೇ" ಎಂದೆ. ಅವಳು ಹಣೆ ಮುಟ್ಟಿ ನೋಡಿಕೊಂಡಳು. ತರಲು ಒಳಗೆ ಹೋಗುತ್ತಾಳೆ ಎಂದುಕೊಂಡೆ, ಹೋಗಲಿಲ್ಲ. ಮತ್ತೆ ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ನಾನು ನೋಡಿದ್ನಲ್ಲ" ಎಂದಳು. ಆಮೇಲೆ, "ಮಂಡಿ ನೋವಾ?"

"ಇಲ್ಲ" ಎಂದೆ.

"ಹಾಗಾದ್ರೆ ಇನ್ನೊಂದು ಸಲ ಬನ್ನಿ."

ನಾನು ತಿರುವಿನ ಕಡೆ ಹೊರಟೆ.